ಹದಿನೈದನೇ ಷರತ್ತು

ಕೋಮಲಾ ಸಿಸ್ಟರ್ ನರ್ಸ್ ಕೆಲಸಕ್ಕೆಂದು ಗಂಡನ ಜೊತೆ ಐರ್ಲೆಂಡಿಗೆ ಹೊರಡಲು ಇನ್ನು ಒಂಬತ್ತೇ ದಿನ. ವೀಸಾ ಬಂದಿತ್ತು, ಟಿಕೆಟ್ ಆಗಿತ್ತು, ಹೊಸಪೇಟೆಯಿಂದ ತಂದ ದಪ್ಪ ಸ್ವೆಟರುಗಳು ಕೂಡ್ಲಿಗಿಯ ಬಿಸಿಲಿಗೆ ಬೆವರುತ್ತ ಬೀರುವಿನ ಮೇಲೆ ಕೂತಿದ್ದವು. ಆಗದೆ ಉಳಿದದ್ದು ಒಂದೇ: ಮನೆಗೆ ಬಾಡಿಗೆಯವರು. ಬಂದವರೇನೂ ಕಡಿಮೆಯಿರಲಿಲ್ಲ. ಆದರೆ ಅವರು ಒಪ್ಪಿದರೆ ಇವಳು ಒಪ್ಪುತ್ತಿರಲಿಲ್ಲ, ಇವಳು ಒಪ್ಪಿದರೆ ಅವರು ಒಪ್ಪುತ್ತಿರಲಿಲ್ಲ.

ಅವಳಿಗೆ ಯಾರೂ ಒಪ್ಪಿಗೆಯಾಗದಿರಲು ಒಂದು ಪಟ್ಟಿ ಕಾರಣ. ಗೋಡೆಗೆ ಮೊಳೆ ಹೊಡೆಯಬಾರದು, ಕರಿಬೇವಿನ ಗಿಡಕ್ಕೆ ದಿನಾ ನೀರು ಹಾಕಬೇಕು, ಅಡುಗೆಕಟ್ಟೆಯ ಮೇಲೆ ಬಿಸಿ ಪಾತ್ರೆ ಇಡಬಾರದು, ಹೀಗೆ ಹದಿನಾಲ್ಕು ಷರತ್ತು. ಗಂಡ ಮಾರೇಶ ವೈರಿಂಗ್ ಕೆಲಸದವನು. ಪಟ್ಟಿ ಓದಿ, "ಇದು ಬಾಡಿಗಿ ಮನಿನೋ, ನಿಮ್ಮ ಐಸಿಯುನೋ?" ಅಂದ. ಅವಳು ನಗಲಿಲ್ಲ.

ಅವರು ಒಪ್ಪದಿರಲು ಕಾರಣ ಗೋಡೆಯ ಮೇಲಿತ್ತು. "ನೀವು ಯಾವ ಮಂದಿ?" ಎಂಬ ಒಂದು ಪ್ರಶ್ನೆಯನ್ನು ತಾನು ಯಾರಿಗೂ ಕೇಳುವುದಿಲ್ಲ ಎಂದು ಕೋಮಲಾ ಆಣೆ ಮಾಡಿಕೊಂಡಿದ್ದಳು. ಬಂದವರೂ ಕೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧನ ಪಟ ನೋಡಿದರು, ಅರ್ಥ ಮಾಡಿಕೊಂಡರು, "ಫೋನ್ ಮಾಡ್ತೀವ್ರಿ" ಎಂದು ಚಪ್ಪಲಿ ಮೆಟ್ಟಿದರು. ನಾಲ್ಕು ಜನ ಹಾಗೆ ಹೋದರು. ಒಬ್ಬರೂ ಫೋನ್ ಮಾಡಲಿಲ್ಲ.

ಇದು ಅವಳಿಗೆ ಹೊಸದಲ್ಲ. ಹನ್ನೆರಡು ವರ್ಷದ ಹಿಂದೆ, ತನ್ನೂರು ಮಾಗಳದಿಂದ ನರ್ಸ್ ಕೆಲಸಕ್ಕೆ ಕೂಡ್ಲಿಗಿಗೆ ಬಂದಾಗ ಅವಳೂ ಹೀಗೇ ಮನೆ ಹುಡುಕಿದ್ದಳು. ಬಸ್ ಸ್ಟ್ಯಾಂಡಿನ ಹಿಂದೆ ಕಲ್ಯಾಣಮ್ಮನವರ ಮನೆ. ಆಯಮ್ಮ ಪ್ರೀತಿಯಿಂದಲೇ ನಲ್ಲಿ ತಿರುಗಿಸಿ ತೋರಿಸಿದ್ದರು, ಬಚ್ಚಲು ತೋರಿಸಿದ್ದರು. ಬಾಗಿಲಿಗೆ ಬಂದಾಗ ಆ ಪ್ರಶ್ನೆ ಕೇಳಿದರು. ಕೋಮಲಾ ಇದ್ದದ್ದು ಇದ್ದ ಹಾಗೆ ಹೇಳಿದಳು. "ಅಯ್ಯ, ಮರ್ತಿದ್ದೆ ನೋಡವ್ವ, ಮನಿ ನಿನ್ನೆನ ಕೊಟ್ಟಾಗೈತಿ" ಅಂದರು ಕಲ್ಯಾಣಮ್ಮ. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಆಮೇಲೂ ಮೂರು ತಿಂಗಳು ಅಲ್ಲೇ ತೂಗುತ್ತಿತ್ತು. ಡ್ಯೂಟಿಗೆ ಅದೇ ದಾರಿ. ದಿನಾ ನೋಡಿದಳು, ದಿನಾ ಹೊಟ್ಟೆ ಉರಿಯಿತು.

ತಮಾಷೆ ಅಂದರೆ ಅದೇ ಕಲ್ಯಾಣಮ್ಮ ಆಮೇಲೆ ತಿಂಗಳಿಗೆರಡು ಸಲ ಆಸ್ಪತ್ರೆಗೆ ಬರತೊಡಗಿದರು. "ಕೋಮಲಾ ಸಿಸ್ಟರ್ ಕೈ ಹಗುರ" ಎಂದು ಅವಳ ಡ್ಯೂಟಿ ಕೇಳಿಕೊಂಡೇ ಬಂದು ಸೂಜಿ ಹಾಕಿಸಿಕೊಳ್ಳುವರು. ಕುಡಿಯುವ ನೀರು ಮಾತ್ರ ಮನೆಯಿಂದ ತಂದ ಬಾಟಲಿಯದು. ಆ ಕೈಯಿಂದ ಸೂಜಿ ನಡೆಯುತ್ತಿತ್ತು, ನೀರು ನಡೆಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಗೇಟು ಕಿರುಗುಟ್ಟಿತು. ಮಗ ಶಿವಯೋಗಪ್ಪನ ತೋಳು ಹಿಡಿದು ನಿಂತವರು ಕಲ್ಯಾಣಮ್ಮನೇ.

"ಸಿಸ್ಟರಮ್ಮ, ಮನಿ ಬಾಡಿಗಿಗೆ ಐತಂತಲ್ಲ?"

ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ಎರಡು ವರ್ಷದ ಮಟ್ಟಿಗೆ ಒಂದು ಮನೆ ಬೇಕಾಗಿತ್ತು. ಆದರೆ ಊರಲ್ಲಿ ಅರ್ಧ ಮಂದಿ ಯಾವಾಗಲೋ ಕಲ್ಯಾಣಮ್ಮನ ಬಾಡಿಗೆಯವರಾಗಿದ್ದವರು, ಇಲ್ಲವೇ ಆಗಲು ಹೋಗಿ ಬೈಸಿಕೊಂಡು ಬಂದವರು. ಅವರೆಲ್ಲ ಈಗ ಸ್ವಂತ ಮನೆಯ ಮಾಲೀಕರು. ಹದಿನೈದು ದಿನದಿಂದ ಯಾರೂ ಆಯಮ್ಮನನ್ನು ಗೇಟಿನೊಳಗೆ ಬಿಟ್ಟುಕೊಂಡಿರಲಿಲ್ಲ.

ಕೋಮಲಾ ಒಳಗೆ ಕರೆದಳು. ಬೇಕೆಂತಲೇ ಕರೆದಳು. ಇಡೀ ಮನೆ ತೋರಿಸಿ, ಬಾಗಿಲಿಗೆ ಬಂದಾಗ ಅಂದು ಆಯಮ್ಮ ಆಡಿದ ಅದೇ ಮಾತನ್ನು ತಿರುಗಿಸಿ ಹೇಳಬೇಕೆಂದು ಅವಳ ಆಸೆ. ಎಷ್ಟೋ ಸಲ ಕನ್ನಡಿಯ ಮುಂದೆ ಅಂದು ನೋಡಿಕೊಂಡ ಮಾತು. ಅದು ಗೊತ್ತಿದ್ದ ಮಾರೇಶ ಅಡುಗೆಮನೆಯಿಂದ ಕತ್ತು ಹೊರಗೆ ಹಾಕಿ ನಿಂತ.

ಕಲ್ಯಾಣಮ್ಮ ನಲ್ಲಿ ತಿರುಗಿಸಿದರು, ಬಾಗಿಲು ತಟ್ಟಿದರು, ಬುದ್ಧನ ಪಟದ ಮುಂದೆ ಸ್ವಲ್ಪ ಹೊತ್ತು ನಿಂತರು. ಪಕ್ಕದಲ್ಲಿ ಅಂಟಿಸಿದ್ದ ಪಟ್ಟಿ ಓದಲು ಕನ್ನಡಕ ಏರಿಸಿದರು.

"ಮೊಳಿ ಹೊಡಿಬಾರ್ದು. ಇದು ನಂದೂ ಇತ್ತು. ಬಿಸಿ ಪಾತ್ರಿ ಇಡಬಾರ್ದು. ಇದೂ ನಂದ. ಗಿಡಕ್ಕ ನೀರು ಹಾಕ್ಬೇಕು. ಏನವ್ವ, ನನ್ನ ಪಟ್ಟಿ ನೋಡಿ ಬರ್ದೀಯೇನು?"

ಅಡುಗೆಮನೆಯಲ್ಲಿ ಮಾರೇಶ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಕೋಮಲಾಗೆ ಗೊತ್ತಿತ್ತು. ಅವಳ ಮುಖ ಬಿಸಿಯಾಯಿತು. ಬಾಗಿಲ ತನಕ ಕಾಯಲೇ ಇಲ್ಲ.

"ಕಲ್ಯಾಣಮ್ಮಾರ, ಮನಿ..."

"ಕೊಟ್ಟಾಗೈತಿ ಅಂತೀಯೇನು?" ಕಲ್ಯಾಣಮ್ಮ ತಿರುಗಲಿಲ್ಲ. "ಅನ್ನವ್ವ. ಆ ಮಾತು ನಾನ ಕಲಿಸಿದ್ದು. ಬೋರ್ಡು ನೋಡ್ಕೋತ ನೀ ದಿನಾ ಹೋಗ್ತಿದ್ದಿ. ಕಿಟಕ್ಯಾಗ ನಿಂತು ನಿನ್ನ ನಾ ದಿನಾ ನೋಡ್ತಿದ್ದೆ. ತೆಗಿಲಿಕ್ಕೆ ಕೈ ಬರ್ಲಿಲ್ಲ, ಕರಿಲಿಕ್ಕೆ ಬಾಯಿ ಬರ್ಲಿಲ್ಲ."

ಕೋಮಲಾಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ವರ್ಷ ಕಾಪಾಡಿಕೊಂಡ ಮಾತನ್ನೂ ಈ ಮುದುಕಿ ಕಸಿದುಕೊಂಡಳಲ್ಲ! ಇನ್ನು ಅದನ್ನು ಆಡಿದರೂ ರುಚಿಯಿಲ್ಲ. ಏನು ಬೇಕು ತನಗೆ ಎಂದು ಒಂದು ಗಳಿಗೆ ನಿಂತು ಯೋಚಿಸಿದಳು. ಆಮೇಲೆ ಪೆನ್ನು ತೆಗೆದು ಪಟ್ಟಿಯ ಕೆಳಗೆ ಹದಿನೈದನೆಯದನ್ನು ಬರೆದಳು, ಬರೆಯುತ್ತಲೇ ಓದಿ ಹೇಳಿದಳು.

"ಹಾಲು ನಾನ ಉಕ್ಕಿಸ್ತೀನಿ. ನನ್ನ ಪಾತ್ರಿ, ನನ್ನ ಲೋಟ. ಮೊದಲ ನೀವು ಕುಡೀಬೇಕು. ಈಗ, ನನ್ನ ಮುಂದ."

ಹೊಸ ಮನೆಗೆ ಹಾಲು ಉಕ್ಕಿಸುವುದು ಒಳಗೆ ಬರುವವರ ಕೆಲಸ. ಮನೆ ಕೊಡುವವರು ಉಕ್ಕಿಸಿದ್ದನ್ನು ಯಾರೂ ಕಂಡಿಲ್ಲ. ಶಿವಯೋಗಪ್ಪ, "ಅಮ್ಮ ಹೊರಗ ಏನೂ ಕುಡಿಯಂಗಿಲ್ರಿ..." ಎಂದು ಬಾಯಿ ತೆಗೆದ. ಕಲ್ಯಾಣಮ್ಮ ಮಗನ ಕಡೆ ನೋಡಿದ ರೀತಿಗೆ ಅವನ ಬಾಯಿ ಮುಚ್ಚಿತು.

ಹಾಲು ಬಿಸಿಯಾಗುವ ತನಕ ನಾಲ್ವರೂ ಒಲೆಯ ಸುತ್ತ ನಿಂತರು. ಬೇಗ ಉಕ್ಕಲಿಲ್ಲ. ಕೊನೆಗೆ ಉಕ್ಕಿ ಹರಿಯಿತು. ಕೋಮಲಾ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಕಲ್ಯಾಣಮ್ಮ ಎರಡೂ ಕೈಯಲ್ಲಿ ಹಿಡಿದರು. ಕಣ್ಣು ಮುಚ್ಚಿದರು, ಸೂಜಿ ಹಾಕುವಾಗ ಮುಚ್ಚುವಂತೆಯೇ. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು.

"ಇಷ್ಟು ಸಕ್ಕರಿ ಹಾಕೀಯಲ್ಲ, ನನ್ನ ಶುಗರ್ ಎಷ್ಟೈತಿ ಗೊತ್ತಿಲ್ಲೇನು ನಿನಗ?"

"ಒಂದು ಕಾಳೂ ಹಾಕಿಲ್ರಿ. ಬರೇ ಹಾಲು."

ಕಲ್ಯಾಣಮ್ಮ ಲೋಟದೊಳಗೆ ಇಣುಕಿದರು. ಉಳಿದದ್ದನ್ನು ಕುಡಿದು ಮುಗಿಸಿ, ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದರು. "ಹಂಗಾದ್ರ ಇನ್ನೊಂದೀಟು ಹಾಕು."

ಕೋಮಲಾ ಪಾತ್ರೆ ಎತ್ತಿದಳು. ಸಿಟ್ಟು ಹೋಗಿತ್ತು ಅಂತಲ್ಲ. ಆದರೆ ಸಾವಿರಾರು ಸೂಜಿ ಹಾಕಿ ಒಂದು ದಿನವೂ ಗುರಿ ತಪ್ಪದ ಅವಳ ಕೈ ಈಗ ತಪ್ಪಿ, ಲೋಟಕ್ಕೆ ಬೀಳಬೇಕಾದ ಹಾಲು ಅರ್ಧ ಕಟ್ಟೆಯ ಮೇಲೆ ಬಿತ್ತು.

"ಹಗುರಕ ಹಾಕವ್ವ," ಅಂದರು ಕಲ್ಯಾಣಮ್ಮ, ಸೆರಗಿನಿಂದ ಕಟ್ಟೆ ಒರೆಸುತ್ತ. "ಇನ್ಮ್ಯಾಲ ಇದು ನನ್ನ ಅಡಿಗಿಮನಿ."