ಬೂದಿಬಣ್ಣದ ಬಂಪರು

ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಅಣ್ಣ ತನ್ನ ಕಾರ್ ಪಾಲಿಶ್ ಅಂಗಡಿಯ ಕಡೆ ತಲೆ ಹಾಕಿ ಕೂಡ ಮಲಗಿರಲಿಲ್ಲ. ಎಂಟು ತಿಂಗಳಿಂದ ಕಿಟಕಿ ಪಕ್ಕದ ಕುರ್ಚಿಯೇ ಅವನ ಪ್ರಪಂಚ. ಅಂದು ಬೆಳಿಗ್ಗೆ ತಂಗಿ ತನ್ನ ಹಳೆಯ ಕಾರನ್ನು ಅದೇ ಕಿಟಕಿಯೆದುರು ತಂದು ನಿಲ್ಲಿಸಿದಳು. ಅದರ ಕಪ್ಪು ಪ್ಲಾಸ್ಟಿಕ್ ಬಂಪರು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಅವಳು ಪ್ಲಾಸ್ಟಿಕ್ಕಿಗೆ ಮತ್ತೆ ಕಪ್ಪು ಬರಿಸುವ ಕೋಟಿಂಗ್ ಬಾಟಲಿಯ ಮುಚ್ಚಳ ತೆಗೆದು ಸ್ಪಂಜನ್ನು ಅದ್ದಿದಳು.

ಅಣ್ಣನಿಗೆ ತಡೆಯಲಾಗಲಿಲ್ಲ. "ತೊಳೀದೆ ಹಚ್ತಿದೀಯಲ್ಲೇ! ಧೂಳಿನ ಮೇಲೆ ಹಚ್ಚಿದ್ರೆ ನಾಲ್ಕು ದಿನಕ್ಕೆ ಎದ್ದು ಬರುತ್ತೆ."

"ನಂಗೇನು ಗೊತ್ತು? ಗೊತ್ತಿರೋರು ಕುರ್ಚಿ ಬಿಟ್ಟು ಏಳಲ್ಲ."

ಅವನು ಗೊಣಗುತ್ತಲೇ ಕೋಲೂರಿಕೊಂಡು ಹೊರಬಂದ. ಅವಳಿಂದ ಸೋಪುನೀರು ಹಾಕಿಸಿ ಬ್ರಷ್ಷಿನಿಂದ ಉಜ್ಜಿಸಿದ, ಪೂರ್ತಿ ಒಣಗುವವರೆಗೆ ಕಾಯಿಸಿದ. ಆಮೇಲೆ ಅವಳು ಮೆತ್ತುವ ರೀತಿ ನೋಡಲಾಗದೆ ಕೋಲನ್ನು ಕಾರಿಗೊರಗಿಸಿ ಸ್ಪಂಜನ್ನು ತಾನೇ ಎಡಗೈಗೆ ಕಿತ್ತುಕೊಂಡ. ಮೊದಲ ಸಲ ಕೈ ಸೊಟ್ಟಗೆ ಹೋಗಿ ಕೋಟಿಂಗ್ ಕಾರಿನ ಕೆಂಪು ಬಣ್ಣದ ಮೇಲೂ ಬಳಿದುಕೊಂಡಿತು. ಅವನ ಮುಖ ಸಪ್ಪಗಾಯಿತು. ತಂಗಿ ಅದನ್ನು ಬಟ್ಟೆಯಿಂದ ಒರೆಸಿದಳು. ಎರಡನೆಯ ಸಲ ಪರವಾಗಿಲ್ಲ ಅನ್ನಿಸಿತು. ಊಟದ ಹೊತ್ತು ಮೀರುವಷ್ಟರಲ್ಲಿ ಬಂಪರು ಈ ತುದಿಯಿಂದ ಆ ತುದಿಯವರೆಗೆ ಹೊಸದರಂತೆ ಕಪ್ಪಗಾಗಿತ್ತು.

"ನಾಳೆವರೆಗೂ ನೀರು ತಾಗಿಸ್ಬೇಡ," ಎಂದ, ಗಿರಾಕಿಗಳಿಗೆ ಹೇಳುತ್ತಿದ್ದ ಗತ್ತಿನಲ್ಲೇ.

"ಆಯ್ತು. ಬಾಗಿಲ ಕೆಳಗಿನ ಪಟ್ಟಿನೂ ಬೆಳ್ಳಗಾಗಿದೆಯಲ್ಲಣ್ಣ?"

ಅಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಇದು ಸಾಲಲ್ಲ. ಅಂಗಡೀಲಿ ಇನ್ನೊಂದಿದೆ. ಬೀಗದ ಕೈ ತಗೊಂಡು ಬಾ, ಹೋಗೋಣ."