ಅಂಗಿ ಗುಂಡಿಯಷ್ಟು ಗುಲಾಬಿ

ಬ್ರಶ್ಶಣ್ಣ ತನ್ನ ಜೀವಮಾನದಲ್ಲಿ ಗೋಡೆಗಳಿಗೆ ಬಳಿದ ಬಣ್ಣವನ್ನೆಲ್ಲ ಒಟ್ಟಿಗೆ ಸಮುದ್ರಕ್ಕೆ ಸುರಿದಿದ್ದರೆ, ಮೀನುಗಳೆಲ್ಲ ಮದುವೆಗೆ ಹೊರಟ ಹಾಗೆ ಕಾಣುತ್ತಿದ್ದವು. ಈಗ ಮಂಡಿ ಮಾತು ಕೇಳುವುದಿಲ್ಲವೆಂದು ಏಣಿ ಇಳಿದು ಮನೆಯಲ್ಲಿದ್ದಾನೆ. ಕೆಲಸ ಬಿಟ್ಟರೂ ಖಾಲಿ ಡಬ್ಬಗಳನ್ನು ಬಿಡಲಿಲ್ಲ. ಮೆಟ್ಟಿಲ ಮೇಲೆ, ಕಾಂಪೌಂಡಿನ ತಲೆಯ ಮೇಲೆ, ಕಿಟಕಿಯ ಕೆಳಗೆ, ಎಲ್ಲೆಲ್ಲೂ ಪೇಂಟ್ ಡಬ್ಬ. ಡಬ್ಬ ತುಂಬ ಹೂವು. ಅಂಚೆಯವನು ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ದಾರಿ ತಪ್ಪುತ್ತಾನೆಂದು ಬೀದಿಯಲ್ಲಿ ಪ್ರತೀತಿ.

ಬೆಳಿಗ್ಗೆ ಚಹಾದ ಲೋಟ ಹಿಡಿದು ಅವನು ಒಂದು ಸುತ್ತು ಹೊರಟನೆಂದರೆ ಅದು ತೋಟದ ಸುತ್ತಲ್ಲ, ಆಯುಷ್ಯದ ಸುತ್ತು. ದಾಸವಾಳದ ಮುಂದೆ ನಿಂತರೆ ಡಾಕ್ಟರ ಮನೆ ನೆನಪು. ಅಲ್ಲಿ ಏಣಿಯಿಂದ ಉರುಳಿದಾಗ ಇವನನ್ನು ಹಿಡಿದುಕೊಂಡದ್ದು ಈ ಗಿಡದ ತಾಯಿ. ಡಾಕ್ಟರು ಮೊದಲು ಗಿಡಕ್ಕೆ ಪಟ್ಟಿ ಕಟ್ಟಿ, ಆಮೇಲೆ ಇವನಿಗೆ ಕಟ್ಟಿದರು. ಸಂಜೆಮಲ್ಲಿಗೆ ಅರಳಿದರೆ ಬ್ರಶ್ ಕೆಳಗಿಡುವ ಹೊತ್ತಾಯಿತೆಂದೇ ಲೆಕ್ಕ. ಕೆಲಸ ಬಿಟ್ಟು ವರ್ಷಗಳಾದರೂ ಅದು ಕಣ್ಣುಬಿಟ್ಟ ಕೂಡಲೇ ಇವನ ಬಲಗೈ ಹಗುರಾಗುತ್ತದೆ. ಮಲ್ಲಿಗೆ ಹೆಂಡತಿಯ ತವರಿನದು. ಅದು ಘಮ್ಮೆಂದರೆ ಸಾಕು, ಅತ್ತೆ ಬಾಗಿಲಲ್ಲಿ ನಿಂತು ಕೆಮ್ಮಿದ ಹಾಗಾಗಿ ಇವನು ತಾನಾಗಿಯೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ.

ಇಷ್ಟೆಲ್ಲ ಪ್ರಜೆಗಳಿಗೆ ಪಟ್ಟದರಾಣಿಯೆಂದರೆ ದೊಡ್ಡ ಡ್ರಮ್ಮಿನಲ್ಲಿದ್ದ ಅಮ್ಮನ ಗುಲಾಬಿ. ಅಮ್ಮ ಹೋದಳು, ಹುಟ್ಟಿದ ಮನೆ ಮಾರಿಹೋಯಿತು, ಆ ಜಾಗದಲ್ಲಿ ಟೈರಿನ ಅಂಗಡಿ ಬಂತು. ಉಳಿದದ್ದು ಇವನು ಬೇರುಸಮೇತ ಎತ್ತಿ ತಂದ ಆ ಒಂದು ಗಿಡ. ಕಡುಕೆಂಪು ಹೂವು. ಒಮ್ಮೆ ಕಂಡ ಬಣ್ಣವನ್ನು ಸತ್ತರೂ ಮರೆಯೆನೆಂದು ಎದೆ ತಟ್ಟಿಕೊಳ್ಳುವ ಬ್ರಶ್ಶಣ್ಣನಿಗೂ ಆ ಕೆಂಪನ್ನು ಡಬ್ಬದಲ್ಲಿ ಕಲಸಲು ಬಂದಿರಲಿಲ್ಲ. ಗಿಡದ ಪಕ್ಕ ಕುಳಿತರೆ ಒಂದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು: ಯಾರದೋ ಕೈ ತನ್ನ ಪುಟ್ಟ ಅಂಗೈಯಲ್ಲಿ ಹೂವಿಟ್ಟು ಬೆರಳು ಮಡಚುತ್ತಿದೆ, ಆ ಕೈಯ ಹೆಬ್ಬೆರಳಿನಲ್ಲಿ ನೀಲಿ ಕಲೆ.

“ಅಮ್ಮ ಬಿಳಿ ಬಟ್ಟೆಗೆ ನೀಲಿ ಹಾಕ್ತಿದ್ಳಲ್ಲ, ಅದರ ಕಲೆ” ಎಂದು ಹೆಂಡತಿಗೆ ಸಾವಿರ ಸಲ ಹೇಳಿದ್ದಾನೆ. ಅವಳು ಸಾವಿರ ಸಲವೂ ಈಗ ತಾನೇ ಕೇಳಿದವಳಂತೆ “ಹೌದಾ?” ಎಂದಿದ್ದಾಳೆ. ಸಂಸಾರ ನಡೆಯುವುದು ಹೀಗೆ.

ಹೀಗಿರುವಾಗ ಒಂದು ದಿನ ಅಕ್ಕನ ಫೋನು ಬಂತು. ಅಕ್ಕ ಇವನಿಗಿಂತ ತುಂಬ ದೊಡ್ಡವಳು; ಇವನು ಮೂಗು ಒರೆಸಿಕೊಳ್ಳಲು ಕಲಿಯುವ ಮೊದಲೇ ಟೆಲಿಫೋನ್ ಆಫೀಸಿನ ಕೆಲಸ ಹಿಡಿದು ದೂರದ ಊರಿಗೆ ಹೋದವಳು.

“ಪುಟ್ಟ, ಹೊಸ ಮನೆಗೆ ಬಂದಿದ್ದೀನಿ ಕಣೋ. ಬಾಲ್ಕನಿ ಬೋಳು ತಲೆ ಥರ ಇದೆ. ಭಾನುವಾರ ಬರ್ತೀನಿ, ಅಮ್ಮನ ಗುಲಾಬಿದು ಒಂದು ಕಡ್ಡಿ ಕೊಡು.”

“ಕಡ್ಡಿ ಏನಕ್ಕ, ಕಾಡೇ ಕೊಡ್ತೀನಿ! ಒಂದೊಂದು ಹೂವು ಊಟದ ತಟ್ಟೆಯಷ್ಟಿದೆ. ನಿನ್ನೆ ಒಂದು ದಳ ಬಿದ್ದು ಬೆಕ್ಕಿಗೆ ತಲೆಸುತ್ತು ಬಂತು.”

ಫೋನಿಟ್ಟು ಹಿಂದೆ ತಿರುಗಿದರೆ ಹೆಂಡತಿ ನಿಂತಿದ್ದಳು. “ರೀ, ತಟ್ಟೆ ಎಲ್ಲಿದೆ ತೋರಿಸಿ ನೋಡೋಣ.”

ತಟ್ಟೆ ಇರಲಿಲ್ಲ. ಹೋದ ಸಲ ಗಿಡ ಸವರುವಾಗ ಬ್ರಶ್ಶಣ್ಣ ನಡುವಿನ ಒಣಕಲು ಕಾಂಡವನ್ನು ಮುದುಕನೆಂದು ಕತ್ತರಿಸಿ, ಬುಡದಿಂದ ದಷ್ಟಪುಷ್ಟವಾಗಿ ಎದ್ದಿದ್ದ ಚಿಗುರುಗಳಿಗೆ ಗೊಬ್ಬರ ಹಾಕಿ ಮೆರೆಸಿದ್ದ. ಅವು ಗೇಟಿನೆತ್ತರಕ್ಕೆ ಬೆಳೆದು, ಅಂದೇ ಮೊದಲ ಮೊಗ್ಗು ಬಿರಿದಿತ್ತು. ಹೂವು ತೆಳು ಗುಲಾಬಿ ಬಣ್ಣದ್ದು. ಗಾತ್ರ ಅಂಗಿ ಗುಂಡಿಯಷ್ಟು.

ಬ್ರಶ್ಶಣ್ಣ ಓಡಿಹೋಗಿ ಮೂಲೆಯ ಗಿಡದಂಗಡಿಯವನನ್ನು ಎಳೆದು ತಂದ. ಅವನು ಕುಕ್ಕರಗಾಲಲ್ಲಿ ಕೂತು ಬುಡ ಕೆದಕಿದ.

“ಅಣ್ಣಾ, ಇದು ಕಸಿ ಕಟ್ಟಿದ ಗಿಡ. ಇಲ್ಲಿ ಗಂಟಿದೆ ನೋಡಿ. ಗಂಟಿನ ಮೇಲಿದ್ದದ್ದು ಕೆಂಪು, ಕೆಳಗಿರೋದು ಬೇರೆ ಜಾತಿ. ನೀವು ಮೇಲಿಂದು ಕತ್ತರಿಸಿ ಕೆಳಗಿಂದು ಸಾಕಿದ್ದೀರಿ. ಯಜಮಾನನ್ನ ಹೊರಗೆ ಹಾಕಿ ಬಾಡಿಗೆಯವನಿಗೆ ಬೀಗದ ಕೈ ಕೊಟ್ಟ ಹಾಗೆ.”

“ವಾಪಸ್ ಬರಲ್ವಾ?”

“ಕೆಂಪು ಹೋಯ್ತಣ್ಣ.”

ಆ ದಿನ ಬ್ರಶ್ಶಣ್ಣ ಒಂದು ಬಡಾಯಿಯನ್ನೂ ಕೊಚ್ಚಲಿಲ್ಲ. ಅದನ್ನು ಕಂಡು ಬೀದಿಯ ನಾಯಿಗಳೂ ಬೊಗಳುವುದು ಬಿಟ್ಟವು. ಊಟಕ್ಕೆ ಕೂತಾಗ ಮೆಲ್ಲಗೆ ಅಂದ: “ಅಮ್ಮಂದು ಅಂತ ಇದ್ದದ್ದೇ ಅದೊಂದು. ನನ್ನ ಕೈಯಾರೆ ಕತ್ತರಿಸಿದ್ನಲ್ಲೇ. ಅಕ್ಕನಿಗೆ ಏನು ಹೇಳ್ಲಿ?”

“ನಿಜ ಹೇಳಿ. ಹೊಸದೊಂದು ಕಲಿತ ಹಾಗಾಗುತ್ತೆ” ಎಂದಳು ಹೆಂಡತಿ, ಆದರೆ ಅನ್ನದ ಮೇಲೆ ತುಪ್ಪ ಎರಡು ಚಮಚ ಜಾಸ್ತಿ ಹಾಕಿದಳು.

ನಿಜ ಹೇಳುವ ಅಭ್ಯಾಸವಿಲ್ಲದವನು ಏನು ಮಾಡಿಯಾನು? ಶನಿವಾರ ಅದೇ ಅಂಗಡಿಯಿಂದ ಕೆಂಪು ಗುಲಾಬಿ ತಂದು ಅಮ್ಮನ ಡ್ರಮ್ಮಿಗೆ ನೆಟ್ಟ. ಗುಂಡಿ ಹೂವಿನ ಗಿಡವನ್ನು ಒಡಕು ಬಕೆಟ್ಟಿಗೆ ದಾಟಿಸಿ ಹಿತ್ತಲ ನಲ್ಲಿಯ ಹಿಂದೆ ಅಡಗಿಸಿದ.

ಭಾನುವಾರ ಅಕ್ಕ ಬಂದಳು. ಬೆನ್ನು ಸ್ವಲ್ಪ ಬಾಗಿತ್ತು, ನಾಲಗೆ ಬಾಗಿರಲಿಲ್ಲ. “ಏನೋ ಪುಟ್ಟ, ಹೊಟ್ಟೆಗೂ ಗೊಬ್ಬರ ಹಾಕ್ತೀಯಾ?” ಎನ್ನುತ್ತಲೇ ಡ್ರಮ್ಮಿನ ಹತ್ತಿರ ಹೋದಳು. ಅಲ್ಲಿ ಕೆಂಪು ಹೂವು ಎದೆಯುಬ್ಬಿಸಿ ನಿಂತಿತ್ತು.

“ಚೆನ್ನಾಗಿದೆ” ಎಂದಳು, ಯಾರದೋ ಮಗುವನ್ನು ಹೊಗಳಿದ ಹಾಗೆ. ಆಮೇಲೆ ಹೂವು ಬಿಟ್ಟು ಬಗ್ಗಿ ಬುಡ ನೋಡತೊಡಗಿದಳು. ಬ್ರಶ್ಶಣ್ಣನ ಬೆವರಿಗೆ ಪಕ್ಕದ ಚೆಂಡುಹೂವಿನ ಡಬ್ಬ ತುಂಬಿತು.

“ಬುಡ ಯಾಕೋ ಇಷ್ಟು ತೆಳ್ಳಗಿದೆ?”

“ಅದೂ... ವಯಸ್ಸಾಯ್ತಲ್ಲಕ್ಕ. ಕರಗಿದೆ.”

“ನಿನಗೂ ವಯಸ್ಸಾಗಿದೆ, ನೀನೆಲ್ಲಿ ಕರಗಿದ್ದೀಯ?” ಎಂದು ಅಕ್ಕ ಕೈ ತೊಳೆಯಲು ಹಿತ್ತಲಿಗೆ ಹೊರಟಳು. ತಡೆಯುವಷ್ಟರಲ್ಲಿ ಹೋಗಿಯೇ ಬಿಟ್ಟಳು. ನಲ್ಲಿಯ ನೀರು ಬಿದ್ದ ಸದ್ದು ಕೇಳಿತು, ನಿಂತಿತು. ಆಮೇಲೆ ಯಾವ ಸದ್ದೂ ಇಲ್ಲ. ಜಾರಿ ಬಿದ್ದಳೇನೋ ಎಂದು ಗಂಡ ಹೆಂಡತಿ ಓಡಿದರು.

ಅಕ್ಕ ಒಡಕು ಬಕೆಟ್ಟಿನ ಮುಂದೆ ನೆಲದ ಮೇಲೇ ಕೂತಿದ್ದಳು. ಮೂಗು ಹೂವಿನೊಳಗಿತ್ತು.

“ಕಳ್ಳ! ನನ್ನ ಹೂವನ್ನ ಇಲ್ಲಿ ಬಚ್ಚಿಟ್ಟು, ಮುಂದೆ ಅದ್ಯಾವುದನ್ನೋ ನಿಲ್ಲಿಸಿದ್ದೀಯಾ?”

“ನಿನ್ನ ಹೂವಾ?” ಬ್ರಶ್ಶಣ್ಣನ ಬಾಯಿಂದ ಕತ್ತರಿ, ಕಾಂಡ, ಬಾಡಿಗೆಯವನು, ಅಂಗಡಿ, ಡ್ರಮ್ಮು ಎಲ್ಲ ಒಂದೇ ಉಸಿರಿಗೆ ಹೊರಬಿದ್ದವು. “ನಾನೇ ಅಮ್ಮನ ಕೆಂಪನ್ನ ಕೊಂದೆ, ಅಕ್ಕ.”

ಅಕ್ಕ ನಕ್ಕ ರಭಸಕ್ಕೆ ಕಾಂಪೌಂಡಿನ ಕಾಗೆಗಳು ಪಕ್ಕದ ಬೀದಿಗೆ ಹೋಗಿ ಕೂತವು.

“ಅಯ್ಯೋ ದಡ್ಡ! ಅಮ್ಮ ನೆಟ್ಟಿದ್ದೇ ಇದು. ಆಮೇಲೆ ನೀನು ಪಕ್ಕದ ಮನೆ ಹೂವು ದೊಡ್ಡದು, ನಮ್ಮದು ಗುಂಡಿ ಥರ ಇದೆ ಅಂತ ನೆಲದ ಮೇಲೆ ಹೊರಳಾಡಿ ಅತ್ತೆ. ಅಪ್ಪ ಯಾರನ್ನೋ ಕರೆಸಿ ಇದರ ಮೇಲೆ ಕೆಂಪು ಕಸಿ ಕಟ್ಟಿಸಿದ್ರು. ಬಾಡಿಗೆಗೆ ಇದ್ದದ್ದು ನಿನ್ನ ಕೆಂಪು ಕಣೋ! ನಾನು ರಜೆಗೆ ಬಂದು ನೋಡಿದರೆ ನನ್ನ ಹೂವೇ ಇಲ್ಲ. ಅಮ್ಮನ ಜೊತೆ ಜಗಳ ಆಡಿ ಊಟ ಬಿಟ್ಟೆ.”

“ಅಮ್ಮ ಏನಂದ್ಲು?”

“‘ಮೇಲಿರೋದು ಅವನದು. ಬುಡ ನಿನ್ನದೇ. ಬುಡ ಎಲ್ಲಿಗೂ ಹೋಗಲ್ಲ’ ಅಂದ್ಲು. ಅದಕ್ಕೇ ಇವತ್ತು ಬುಡದಿಂದ ಒಂದು ಚಿಗುರು ಸಿಗುತ್ತಾ ಕೇಳೋಣ ಅಂತ ಬಂದೆ.” ಅಕ್ಕ ಒಂದು ಹೂವು ಕಿತ್ತು ಅವನ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳು ಮಡಚಿದಳು. “ಸ್ಕೂಲಿಂದ ಬಂದ ಕೂಡಲೇ ಹೀಗೆ ಕೊಡ್ತಿದ್ದೆ. ನೀನು ಬಾಯಿಗೆ ಹಾಕ್ಕೊಳ್ತಿದ್ದೆ.”

ಬ್ರಶ್ಶಣ್ಣ ತನ್ನ ಮುಚ್ಚಿದ ಮುಷ್ಟಿಯನ್ನು ನೋಡಿದ, ಅದರ ಮೇಲಿದ್ದ ಅಕ್ಕನ ಹೆಬ್ಬೆರಳನ್ನು ನೋಡಿದ.

“ಅಕ್ಕ, ನಿನ್ನ ಹೆಬ್ಬೆರಳಲ್ಲಿ ನೀಲಿ ಕಲೆ ಇತ್ತಾ?”

“ಆ ಹಾಳು ಇಂಕ್ ಪೆನ್ನು! ದಿನಾ ಸೋರೋದು.”

ಹೆಂಡತಿ ಈ ಸಲ ನಿಜವಾಗಿಯೂ “ಹೌದಾ!” ಎಂದಳು. ಲೋಕದ ನೀಲಿಗಳನ್ನೆಲ್ಲ ಕಣ್ಣುಮುಚ್ಚಿಯೇ ಗುರುತಿಸುತ್ತೇನೆ ಎಂದವನು ಇಂಕಿಗೂ ಬಟ್ಟೆಯ ನೀಲಿಗೂ ವ್ಯತ್ಯಾಸ ತಿಳಿಯದೆ ಇಷ್ಟು ಕಾಲ ಕಳೆದಿದ್ದ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಹಳೆಯ ಗೋಡೆಯ ಸುಣ್ಣ ಕೆರೆದಾಗ ಒಳಗೆ ಇನ್ನೊಂದು ಚೆಂದದ ಬಣ್ಣ ಸಿಕ್ಕಂತಾಯಿತು. ಆದರೂ ಒಂದು ಮುಳ್ಳು ಉಳಿದಿತ್ತು.

“ನನ್ನ ಕೆಂಪು ಹೋಯ್ತಲ್ಲಕ್ಕ.”

“ಇಷ್ಟು ವರ್ಷ ನಿನ್ನ ಸರದಿ ಆಯ್ತು. ಈಗ ನಂದು. ಸುಮ್ನೆ ಕೂತ್ಕೋ.”

ಮುಳ್ಳು ಅಲ್ಲಿಗೆ ಮುರಿಯಿತು. ಮೂವರೂ ಸೇರಿ ಗಿಡವನ್ನು ಮತ್ತೆ ಅಮ್ಮನ ಡ್ರಮ್ಮಿಗೆ ತಂದರು. ಅಂಗಡಿಯ ಕೆಂಪಿಗೂ ಒಂದು ಡಬ್ಬ ಸಿಕ್ಕಿತು. ಬಂದ ನೆಂಟನನ್ನು ಓಡಿಸಲಾಗುತ್ತದೆಯೇ? ಸಂಜೆಮಲ್ಲಿಗೆ ಅರಳುವ ಹೊತ್ತಿಗೆ ಅಕ್ಕ ತಿಳಿಹಸಿರು ಡಬ್ಬದಲ್ಲಿ ಕಡ್ಡಿ ನೆಟ್ಟುಕೊಂಡು, ಮಡಿಲಲ್ಲಿಟ್ಟುಕೊಂಡು ಹೊರಟಳು.

ಬೀದಿಯವರು ಗೇಟಿಗೆ ಬಂದು ವಿಚಾರಿಸಿದರು. “ಏನು ಬ್ರಶ್ಶಣ್ಣ, ಅಕ್ಕನಿಗೆ ತಟ್ಟೆಯಷ್ಟು ಹೂವಿನ ಗಿಡ ಕೊಟ್ಯಂತೆ?”

“ತಟ್ಟೆಯಲ್ಲ ಕಣ್ರೋ. ಅಂಗಿ ಗುಂಡಿಯಷ್ಟು.”

ಹುಟ್ಟಿದಾಗಿನಿಂದ ಅವನು ಅಳತೆ ಸರಿಯಾಗಿ ಹೇಳಿದ್ದು ಅದೇ ಮೊದಲು. ಬೀದಿಯಲ್ಲಿ ಒಬ್ಬರೂ ನಂಬಲಿಲ್ಲ.