ಬೆನ್ನು ಹಾಕಿದ ಮನೆ

"ಮ್ಯೂ ಥೀಟಾ ಬಿಟ್ಟು ಇನ್ಯಾವ ಮನೆಯವರೂ ನಿನ್ನ ಕರೆಯೋ ಹಾಗಿಲ್ಲ," ಎಂದಳು ಸೊರೊರಿಟಿಗಳ, ಅಂದರೆ ಕಾಲೇಜು ಹುಡುಗಿಯರು ಒಂದೇ ಮನೆಯಲ್ಲಿ ಕೂಡಿ ಬಾಳುವ ಸಂಘಗಳ, ಕಚೇರಿಯ ಹೆಂಗಸು. ಅವಳು ಟೆಸ್ಸಾಳ ಮುಖ ನೋಡುತ್ತಿರಲಿಲ್ಲ, ಕಂಪ್ಯೂಟರ್ ನೋಡುತ್ತಿದ್ದಳು. "ಆಗಸ್ಟ್‌ನಲ್ಲಿ ಅವರು ಕರೆದ್ರು, ನೀನು ಹೋಗ್ಲಿಲ್ಲ. ಕರೆದ ಮನೇನ ಬೇಡ ಅಂದೋರು ಮುಂದಿನ ಆಗಸ್ಟ್ ತನಕ ಬೇರೆ ಮನೆ ಸೇರಂಗಿಲ್ಲ. ಅದೇ ಮನೆಯವರು ಮತ್ತೆ ಕರೆದ್ರೆ ಮಾತ್ರ ಉಂಟು."

"ನಂಗೆ ಈ ನಿಯಮ ಗೊತ್ತಿರ್ಲಿಲ್ಲ."

"ಗೊತ್ತು ಅಂತ ಸಹಿ ಹಾಕಿದ್ದೀಯಲ್ಲಮ್ಮ."

ಟೆಸ್ಸಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಏಪ್ರಿಲ್ ಬಂದಿದ್ದರೂ ಬಯಲ ಗಾಳಿ ಕಿವಿ ಕೊರೆಯುತ್ತಿತ್ತು. ಶನಿವಾರ ಎಲ್ಲ ಸೊರೊರಿಟಿಗಳೂ ಅಮ್ಮಂದಿರನ್ನು ಕರೆಸುವ ದಿನ. ರಾಜ್ಯದ ಪಶ್ಚಿಮದ ತುದಿಯ ಊರಿನಿಂದ ಅಮ್ಮ ಹಳೆಯ ಪಿಕಪ್ ಓಡಿಸಿಕೊಂಡು ಬರುತ್ತಾಳೆ, ಮಗಳ ಸೊರೊರಿಟಿ ಮನೆ ನೋಡಲು. ಮಗಳಿಗೆ ಯಾವ ಮನೆಯೂ ಇಲ್ಲವೆಂದು ಅವಳಿಗೆ ಗೊತ್ತಿಲ್ಲ.

ಸುಳ್ಳು ಶುರುವಾದಾಗ ಅದು ಸುಳ್ಳಾಗಿರಲಿಲ್ಲ. ಆಗಸ್ಟ್‌ನ ಆಯ್ಕೆಯ ವಾರದಲ್ಲಿ ನೂರಾರು ಹುಡುಗಿಯರು ಬಿಸಿಲಲ್ಲಿ ಮನೆಯಿಂದ ಮನೆಗೆ ಅಲೆದು, ಅಚ್ಚುಕಟ್ಟಾಗಿ ನಕ್ಕು, ನಿಂಬೆಹಣ್ಣಿನ ಪಾನಕ ಕುಡಿದರು. ದಿನದಿನವೂ ಮನೆಗಳು ಟೆಸ್ಸಾಳನ್ನು ಕೈಬಿಡುತ್ತಾ ಹೋದವು. ಕೊನೆಗೆ ಕರೆದದ್ದು ಮ್ಯೂ ಥೀಟಾ ಒಂದೇ. ಅವಳು ತಕ್ಷಣ ಫೋನ್ ಮಾಡಿದ್ದಳು. ಅಮ್ಮ ರೊಂಡಾ ಊರಿನ ಶಾಲೆಯಲ್ಲಿ ಅಡುಗೆಯವಳು. ಸುದ್ದಿ ಕೇಳಿ ಸೌಟಿನಿಂದ ಪಾತ್ರೆ ಬಡಿದು, "ನನ್ನ ಮಗಳನ್ನ ಕರೆದಿದ್ದಾರೆ ಕಣ್ರೇ!" ಎಂದು ಅಡುಗೆಮನೆಗೆಲ್ಲ ಕೂಗಿದ್ದು ಟೆಸ್ಸಾಗೆ ಫೋನಿನಲ್ಲೇ ಕೇಳಿಸಿತ್ತು.

ಅದೇ ಸಂಜೆ ಹಳದಿ ಫ್ರಾಕ್ ಹಾಕಿಕೊಂಡು ಹೊರಟಳು. ಬೀದಿಯುದ್ದಕ್ಕೂ ಮನೆಮನೆಯ ಹುಲ್ಲುಹಾಸಿನ ಮೇಲೆ ಹೊಸ ಹುಡುಗಿಯರ ಹೆಸರಿನ ಹಲಗೆ ಹಿಡಿದು ಹಳಬರು ಕಿರುಚುತ್ತಿದ್ದರು. ರೂಮ್‌ಮೇಟ್ ಐವಿಯನ್ನು ಕರೆದ ದೊಡ್ಡ ಮನೆಯ ಮುಂದೆ ಬಲೂನಿನ ಕಮಾನು, ಬ್ಯಾಂಡು. ಮ್ಯೂ ಥೀಟಾದ ಮುಂದೆ ಬೆರಳೆಣಿಕೆಯ ಹುಡುಗಿಯರು, ಗೊರಗೊರ ಅನ್ನುವ ಒಂದು ಸ್ಪೀಕರ್. ಎದುರು ಮನೆಯ ಬಾಲ್ಕನಿಯಿಂದ ಹುಡುಗರು ಕೂಗುತ್ತಿದ್ದರು: "ಯಾರಿಗೂ ಬೇಡವಾಗಿ ಉಳಿದೋರೆಲ್ಲ ಆ ಮನೆಗೆ ಹೋಗ್ರಪ್ಪೋ!" ಟೆಸ್ಸಾ ಅವರ ಹುಲ್ಲುಹಾಸಿನಂಚಿನ ಅಂಚೆಪೆಟ್ಟಿಗೆಯವರೆಗೆ ಹೋದವಳು ಅಲ್ಲಿಂದಲೇ ತಿರುಗಿ ಓಡಿದಳು. ವಸಂತದಲ್ಲಿ ಮನೆಗಳು ಖಾಲಿ ಜಾಗಗಳನ್ನು ಸದ್ದಿಲ್ಲದೆ ತುಂಬಿಕೊಳ್ಳುತ್ತವೆ, ಆಗ ಒಳ್ಳೆಯದೊಂದು ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅಮ್ಮನಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಅಮ್ಮ, ಎದೆಯ ಮೇಲೆ 'ಮ್ಯೂ ಥೀಟಾ ಅಮ್ಮ' ಎಂದು ಬರೆದ ಕೆಂಪು ಸ್ವೆಟ್‌ಶರ್ಟ್ ತರಿಸಿಕೊಂಡಿದ್ದಳು.

ಕಚೇರಿಯಿಂದ ರೂಮಿಗೆ ಬಂದಾಗ ಐವಿ ಕನ್ನಡಿಯ ಮುಂದೆ ರೆಪ್ಪೆಗೆ ಬಣ್ಣ ಹಚ್ಚುತ್ತಿದ್ದಳು.

"ಮ್ಯೂದವರು ಮಂಗಳವಾರ ಹೊಸಬರಿಗೆ ಟಾಕೋ ಪಾರ್ಟಿ ಇಟ್ಟಿದ್ದಾರಂತೆ. ಜಾಗ ಖಾಲಿ ಇದೆಯಂತೆ," ಎಂದಳು ಟೆಸ್ಸಾ.

"ಅವರಿಗೆ ಯಾವಾಗ ಖಾಲಿ ಇರ್ಲಿಲ್ಲ? ಉಸಿರಾಡ್ತಿದ್ರೆ ಸಾಕು, ಸೇರಿಸ್ಕೋತಾರೆ." ಐವಿ ತಿರುಗಿ ನೋಡಿದಳು. "ಅಯ್ಯೋ, ನೀನು ಹೋಗ್ತಿದ್ದೀಯಾ? ಹೋಗೇ, ಹೋಗು. ಅವರೂ ಒಳ್ಳೆಯವರೇ ಪಾಪ."

ಆ 'ಪಾಪ' ಕೇಳಿ ಟೆಸ್ಸಾಗೆ ಮೊದಲಾದರೆ ಮೈ ಉರಿಯುತ್ತಿತ್ತು. ಈಗ ಉರಿಯಲಿಲ್ಲ.

ಮಂಗಳವಾರ ಮ್ಯೂ ಮನೆಯ ಬಾಗಿಲಲ್ಲಿ ಮಾರ್ಗೊ ನಿಂತಿದ್ದಳು. ಹೊಸಬರ ಆಯ್ಕೆ ಅವಳ ಜವಾಬ್ದಾರಿ. ಅವಳು ಅಂಟುಚೀಟಿಯನ್ನೂ ಪೆನ್ನನ್ನೂ ಚಾಚಿದಳು. "ಹೆಸರು ಬರಿ, ಎದೆಗೆ ಅಂಟಿಸ್ಕೋ. ಪೊಟ್ಟಣ ತಗೊಂಡು ಚಿಪ್ಸ್ ಪುಡಿ ಮಾಡು, ಮೇಲೆ ಖೀಮಾ ಹಾಕ್ಕೋ. ತಟ್ಟೆ ಇಲ್ಲ. ತೊಳೆಯೋರು ಯಾರೂ ಇಲ್ಲ."

"ಪೆನ್ ಇಲ್ಲಿ ಕೊಡು," ಎಂದಳು ಪಕ್ಕದಲ್ಲಿದ್ದ ಎತ್ತರದ ಹುಡುಗಿ. ಟೆಸ್ಸಾ ಬಾಯಿ ತೆರೆಯುವ ಮೊದಲೇ ಚೀಟಿಯ ಮೇಲೆ ದುಂಡಗೆ 'ಟೆಸ್ಸಾ' ಎಂದು ಬರೆದು, ಅವಳ ಎದೆಗೆ ಅಂಟಿಸಿ, ಮೇಲೊಮ್ಮೆ ಒತ್ತಿದಳು. "ಈ ಹೆಸರು ನಂಗೆ ಅಭ್ಯಾಸ ಇದೆ. ಒಂದ್ಸಲ ದೊಡ್ಡದಾಗಿ ಬರ್ದಿದ್ದೆ. ಮಿಂಚುಪುಡಿ ಹಾಕಿ."

ಅವಳ ಹೆಸರು ಡಿಲೇನಿ. ಆಗಸ್ಟ್‌ನಲ್ಲಿ ಟೆಸ್ಸಾಳ ಹೆಸರಿನ ಹಲಗೆ ಹಿಡಿದು ನಿಂತಿದ್ದವಳು.

ಆ ಸಂಜೆಯೆಲ್ಲ ಟೆಸ್ಸಾ ಚಿಪ್ಸ್ ಪೊಟ್ಟಣ ಹಿಡಿದು ಗುಂಪಿನಿಂದ ಗುಂಪಿಗೆ ಹೋದಳು. ಬಂದಿದ್ದ ಬೇರೆ ಹುಡುಗಿಯರು ತಮಗೆ ಅಕ್ಕತಂಗಿಯರಿಲ್ಲ, ಈ ಮನೆಗೆ ಕಾಲಿಟ್ಟ ಕೂಡಲೇ ಏನೋ ಒಂಥರಾ ಆಯಿತು ಎನ್ನುತ್ತಿದ್ದರು. ಟೆಸ್ಸಾ ಕೂಡ ಅದನ್ನೇ ಹೇಳಿದಳು. ಹೇಳುವಾಗ ಕೋಣೆಯ ಇನ್ನೊಂದು ತುದಿಯಿಂದ ಡಿಲೇನಿ ನೋಡುತ್ತಿದ್ದಳು. ಹೊರಡುವಾಗ ಮಾರ್ಗೊ, "ಗುರುವಾರ ನಮ್ಮಲ್ಲೊಬ್ಬಳ ಜೊತೆ ಕಾಫಿ. ಆವತ್ತು ರಾತ್ರಿ ನಾವು ವೋಟ್ ಹಾಕ್ತೀವಿ. ಆಯ್ಕೆ ಆದ್ರೆ ನಮ್ಮ ಕೇಂದ್ರ ಕಚೇರಿಯಿಂದ ಒಪ್ಪಿಗೆ ಬರ್ಬೇಕು. ಸೋಮವಾರ ಹೇಳ್ತೀವಿ," ಎಂದಳು.

"ಸೋಮವಾರವಾ? ಶನಿವಾರದೊಳಗೆ ಆಗಲ್ವಾ?"

"ಶನಿವಾರ ನಮ್ಮ ಅಮ್ಮಂದಿರು ಬರ್ತಾರೆ ಮಾರಾಯ್ತಿ. ಆವತ್ತು ಯಾರಿಗೆ ಪುರುಸೊತ್ತು?"

ಗುರುವಾರ ಕಾಫಿಗೆ ಬಂದದ್ದು ಡಿಲೇನಿಯೇ. ಕ್ಯಾಂಟೀನಿನ ನೆಲಮಾಳಿಗೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಡಿಲೇನಿ ಕೃಷಿ ವಿಭಾಗದವಳು. ಅವಳ ಉಗುರುಗಳ ಸಂದಿಯಲ್ಲಿ ಮಣ್ಣಿತ್ತು. ಅವಳು ತಣ್ಣನೆಯ ಕಾಫಿ ತೆಗೆದುಕೊಂಡು, ಕಾಫಿ ಬಿಟ್ಟು ಐಸ್ ತುಂಡುಗಳನ್ನು ಕಡಿಯುತ್ತಿದ್ದಳು.

"ಆವತ್ತು ಯಾಕೆ ಬರ್ಲಿಲ್ಲ?"

"ಜ್ವರ ಇತ್ತು."

"ಜ್ವರ ಬಂದೋಳು ಹಳದಿ ಫ್ರಾಕ್ ಹಾಕ್ಕೊಂಡು ನಮ್ಮ ಅಂಚೆಪೆಟ್ಟಿಗೆ ತನಕ ಬಂದಿದ್ಯಾಕೆ?"

"ನೀನು ನೋಡಿದ್ಯಾ?"

"ನಿನ್ನ ಹೆಸರು ಹಿಡ್ಕೊಂಡು ನಿಂತಿದ್ದೆ. ಇನ್ಯಾರನ್ನ ನೋಡ್ಲಿ? ಆಮೇಲೂ ನಿಂತೇ ಇದ್ದೆ. ಎದುರು ಮನೆ ಹುಡುಗರು 'ಟೆಸ್ಸಾ, ಟೆಸ್ಸಾ' ಅಂತ ಕತ್ತಲಾಗೋ ತನಕ ನನ್ನನ್ನೇ ಕೂಗಿದ್ರು. ಈಗ್ಲೂ ಕೆಲವರು ಹಾಗೇ ಕರೀತಾರೆ."

ಟೆಸ್ಸಾ ಸಿದ್ಧಮಾಡಿಕೊಂಡು ಬಂದ ಮಾತುಗಳಲ್ಲಿ ಯಾವುದೂ ಇದಕ್ಕೆ ಹೊಂದುತ್ತಿರಲಿಲ್ಲ.

"ಎಲ್ರೂ ನಿಮ್ಮದು ಉಳಿದೋರ ಮನೆ ಅಂತಿದ್ರು," ಎಂದಳು. "ಆ ಹುಲ್ಲಿನ ಮೇಲೆ ಕಾಲಿಟ್ರೆ ನಾನೂ ಉಳಿದೋಳು ಅಂತ ಎಲ್ಲರ ಮುಂದೆ ಒಪ್ಕೊಂಡ ಹಾಗಾಗತ್ತೆ ಅನ್ನಿಸ್ತು."

"ಈಗ?"

"ಈಗ ಒಪ್ಕೊಂಡೆ."

ಡಿಲೇನಿ ನಕ್ಕಳು. ಬಾಯಲ್ಲಿದ್ದ ಐಸ್ ಕೆಳಗೆ ಬೀಳುವಷ್ಟು ಜೋರಾಗಿ ನಕ್ಕಳು. "ಅಬ್ಬಾ! ಈ ವಾರದಲ್ಲಿ ಕೇಳಿದ ಮೊದಲ್ನೇ ನಿಜ ಇದು. ಮಿಕ್ಕೋರೆಲ್ಲ ನಮ್ಮನ್ನ ಕಂಡ್ರೆ ಜೀವ ಅಂತಾರೆ. ನಮ್ಮ ಮನೇಲಿರೋ ನಮಗೇ ನಮ್ಮನ್ನ ಕಂಡ್ರೆ ಅಷ್ಟು ಜೀವ ಇಲ್ಲ." ಟಿಶ್ಯೂ ತೆಗೆದುಕೊಂಡು ಮೇಜು ಒರೆಸಿದಳು. "ಸರಿ. ಇವತ್ತು ವೋಟಿಗೆ ಮುಂಚೆ ನಿನ್ನ ಬಗ್ಗೆ ಮಾತಾಡ್ಬೇಕಾದೋಳು ನಾನು. ಮಾತಾಡ್ತೀನಿ ಬಿಡು."

ಟೆಸ್ಸಾ ಅಲ್ಲಿಗೇ ಏಳಬೇಕಿತ್ತು. ಚೀಲ ಹೆಗಲಿಗೆ ಹಾಕಿಕೊಂಡು, ಥ್ಯಾಂಕ್ಸ್ ಹೇಳಿ, ನೆಲಮಾಳಿಗೆಯ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಆದರೆ ಅವಳ ತಲೆಯಲ್ಲಿ ಸೋಮವಾರಕ್ಕಿಂತ ಮುಂಚೆ ಶನಿವಾರವಿತ್ತು.

"ಇನ್ನೊಂದು ಕೇಳ್ಲಾ?" ಎಂದಳು. "ವೋಟಲ್ಲಿ ಏನಾದ್ರೂ ಆಗ್ಲಿ. ಶನಿವಾರ ಒಂದೇ ಒಂದು ದಿನ ನಾನು ನಿಮ್ಮವಳು ಅಂತ ನಡ್ಕೋತೀರಾ? ನಿಮ್ಮಲ್ಲಿ ಯಾರದಾದ್ರೂ ಶರ್ಟ್ ಕೊಟ್ರೆ ಸಾಕು. ಜಗಲಿ ಮೇಲೆ ನಿಂತ್ಕೋತೀನಿ. ಅಮ್ಮ ಒಂದು ಫೋಟೋ ತಗೊಂಡು ಹೋಗ್ತಾಳೆ. ಅವಳಿಗೆ ಆಗಸ್ಟ್‌ನಲ್ಲೇ ಸೇರಿದ್ದೀನಿ ಅಂತ ಹೇಳಿದ್ದೀನಿ. ಆಮೇಲೆ ನೀವು ಬೇಡ ಅಂದ್ರೂ ನಾನೇನೂ ಅನ್ನಲ್ಲ, ದೇವರಾಣೆ."

ಡಿಲೇನಿ ಕಡಿಯುವುದನ್ನು ನಿಲ್ಲಿಸಿದಳು.

"ವೋಟಲ್ಲಿ ಏನಾದ್ರೂ ಆಗ್ಲಿ ಅಂದೆ."

"ಹಾಗಲ್ಲ..."

"ನಿಂಗೆ ಬೇಕಾಗಿರೋದು ನಾವಲ್ಲ. ನಮ್ಮ ಜಗಲಿ."

"ಎರಡೂ ಬೇಕು. ಪ್ಲೀಸ್ ಡಿಲೇನಿ. ನಾನು ದಿನಾ ಒಬ್ಬಳೇ ಊಟ ಮಾಡ್ತೀನಿ. ಲಾಂಡ್ರಿ ರೂಮಲ್ಲಿ ಕೂತ್ಕೊಂಡು ತಿಂತೀನಿ. ಅಲ್ಲಿ ಮೆಷಿನ್ ಸದ್ದು ಇರತ್ತೆ, ಯಾರೂ ನೋಡಲ್ಲ. ಅಮ್ಮನಿಗೆ ಅದು ಗೊತ್ತಾಗ್ಬಾರದು ಅಷ್ಟೇ. ನಾನು ಕೇಳ್ಳೇ ಇಲ್ಲ ಅಂದ್ಕೋ. ಮರ್ತುಬಿಡು."

"ಕೇಳಿದ್ದನ್ನ ಹೇಗೆ ಮರೀಲಿ?" ಡಿಲೇನಿ ಎದ್ದು ಲೋಟವನ್ನು ಬುಟ್ಟಿಗೆ ಎಸೆದಳು. ಕೋಪವಿರಲಿಲ್ಲ. ದಣಿದ ಹಾಗಿದ್ದಳು. "ಇದನ್ನ ಕೇಳ್ಬಾರದಿತ್ತು ಕಣೆ ನೀನು."

ಆ ರಾತ್ರಿ ಟೆಸ್ಸಾ ಬರೆದ ಮೆಸೇಜುಗಳಿಗೆ ಉತ್ತರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಹೊಟ್ಟೆಗೆ ಏನೋ ಅಂಟಿಕೊಂಡಿದೆ, ಈ ಸಲ ಬರುವುದು ಬೇಡ ಎಂದಳು. "ಹಾಗಿದ್ರೆ ಸೂಪ್ ತರ್ತೀನಿ," ಎಂದಳು ಅಮ್ಮ.

ಶನಿವಾರ ಬೆಳಿಗ್ಗೆ ಅಮ್ಮನನ್ನು ಪಾರ್ಕಿಂಗ್ ಜಾಗದಲ್ಲೇ ತಡೆದು, ಅಲ್ಲೇ ಗಾಡಿಯೊಳಗೆ ಕೂರಿಸಿಕೊಂಡು ಏನಾದರೂ ಹೇಳಬೇಕೆಂದು ಟೆಸ್ಸಾ ಲೆಕ್ಕ ಹಾಕಿದ್ದಳು. ಅಮ್ಮ ಹೇಳಿದ ಹೊತ್ತಿಗಿಂತ ತುಂಬಾ ಮುಂಚೆಯೇ ಬಂದಳು. ಫೋನಿನಲ್ಲಿ ಮೆಸೇಜ್ ಮಿನುಗಿತು: 'ನಿಮ್ಮ ಮನೆ ನಾನೇ ಹುಡುಕಿದೆ! ಹುಡುಗೀರು ಕಾಫಿ ಕೊಟ್ರು. ಏಳು ಸೋಮಾರಿ.'

ಟೆಸ್ಸಾ ಮಲಗಿದ್ದ ಟೀಶರ್ಟಿನಲ್ಲೇ ಓಡಿದಳು. ಎಲ್ಲ ಹುಲ್ಲುಹಾಸಿನ ಮೇಲೂ ಅಮ್ಮಂದಿರಿದ್ದರು. ಮ್ಯೂ ಮನೆಯ ಜಗಲಿಯಲ್ಲಿ ಕೆಂಪು ಸ್ವೆಟ್‌ಶರ್ಟ್ ಹಾಕಿಕೊಂಡು, ಎರಡೂ ಕೈಯಲ್ಲಿ ಕಾಗದದ ಲೋಟ ಹಿಡಿದು, ಮಾರ್ಗೊ ಹೇಳುತ್ತಿದ್ದ ಯಾವುದಕ್ಕೋ ತಲೆಯಾಡಿಸುತ್ತಾ ಅಮ್ಮ ನಿಂತಿದ್ದಳು. ಬೆಳಿಗ್ಗೆ ಎದ್ದು ಕೂದಲು ಸುರುಳಿ ಮಾಡಿಕೊಂಡು ಬಂದಿದ್ದಳು.

ಡಿಲೇನಿ ಕೆಳಗಿಳಿದು ಅಂಚೆಪೆಟ್ಟಿಗೆಯ ಹತ್ತಿರ ಬಂದಳು.

"ನಾವು ಏನೂ ಹೇಳಿಲ್ಲ," ಎಂದಳು ಮೆಲ್ಲಗೆ. "ನಮ್ಮವಳು ಅಂತಾನೂ ಹೇಳಿಲ್ಲ, ಅಲ್ಲ ಅಂತಾನೂ ಹೇಳಿಲ್ಲ. ಬರ್ತಾಳೆ ಅಂದ್ವಿ."

"ವೋಟು?"

"ಇಲ್ಲ ಅಂತಾಯ್ತು. ನೀನು ಕೇಳಿದ್ದನ್ನ ಹೇಳ್ಬೇಕಾಯ್ತು. ಮುಚ್ಚಿಟ್ಟು ನಿನ್ನ ಪರ ಮಾತಾಡಕ್ಕೆ ನನ್ನಿಂದ ಆಗ್ಲಿಲ್ಲ."

"ಕೇಳದೇ ಇದ್ದಿದ್ರೆ?"

"ಸೇರಿಸ್ಕೋತಿದ್ವಿ. ನಮಗೂ ಜನ ಬೇಕು."

ಅಮ್ಮ ಅವಳನ್ನು ಕಂಡು ಲೋಟ ಎತ್ತಿ ಬೀಸಿದಳು. ಕಾಫಿ ಕೈಮೇಲೆ ಚೆಲ್ಲಿತು, ಅವಳು ನಗುತ್ತಾ ಕೈ ಜಾಡಿಸಿಕೊಂಡಳು. ಟೆಸ್ಸಾ ಒಮ್ಮೆ ಹಿಂದಿನ ಬೀದಿ ನೋಡಿದಳು. ಆಮೇಲೆ ಹುಲ್ಲಿನ ಮೇಲೆ ಕಾಲಿಟ್ಟು, ಅದನ್ನು ದಾಟಿ, ಜಗಲಿ ಹತ್ತಿದಳು.

"ನೋಡೇ, ಎಷ್ಟು ಚೆನ್ನಾಗಿದೆ ನಿಮ್ಮ ಮನೆ. ಹೊಟ್ಟೆ ಹೇಗಿದೆ? ನಿನ್ನ ಶರ್ಟ್ ಎಲ್ಲಿ? ಹೋಗಿ ಹಾಕ್ಕೊಂಡು ಬಾ, ಫೋಟೋ ತೆಗೆಯೋಣ."

"ಅಮ್ಮ, ನಾನು ಈ ಮನೆಯವಳಲ್ಲ."

"ಏನು?"

"ಸೇರ್ಲೇ ಇಲ್ಲ. ಆಗಸ್ಟ್‌ನಲ್ಲಿ ಕರೆದ್ರು, ನಾನು ಬರ್ಲಿಲ್ಲ. ಈಗ ಕೇಳ್ದೆ, ಬೇಡ ಅಂದ್ರು."

ರೊಂಡಾ ಮಗಳನ್ನು ನೋಡಿದಳು, ಮಾರ್ಗೊಳನ್ನು ನೋಡಿದಳು, ಆಮೇಲೆ ಕೈಯಲ್ಲಿದ್ದ ಲೋಟ ನೋಡಿದಳು.

"ಹಾಗಾದ್ರೆ ನಾನು ಯಾರ ಕಾಫಿ ಕುಡೀತಿದ್ದೀನಿ?"

ಮಾರ್ಗೊ, "ಪರವಾಗಿಲ್ಲ ಆಂಟಿ, ಕುಡೀರಿ," ಎಂದಳು. ರೊಂಡಾ ಲೋಟವನ್ನು ಜಗಲಿಯ ಕಟಾಂಜನದ ಮೇಲೆ ನೆಟ್ಟಗೆ ಇಟ್ಟು, ಥ್ಯಾಂಕ್ಸ್ ಎಂದು ಹೇಳಿ ಇಳಿದಳು.

ಗಾಡಿಯ ಬಾಗಿಲು ಹಿಡಿದುಕೊಂಡು, "ಕ್ರಿಸ್‌ಮಸ್‌ಗೆ ನಿಮ್ಮ ಮನೆ ಒಳಗಿಂದು ಅಂತ ಫೋಟೋ ಕಳಿಸಿದ್ಯಲ್ಲ?" ಎಂದಳು.

"ಅದು ಐವಿ ಮನೆ."

"ಅದನ್ನ ಶಾಲೆ ಫ್ರಿಜ್ ಮೇಲೆ ಅಂಟಿಸಿದ್ದೀನಿ. ಮಕ್ಕಳೆಲ್ಲ ನೋಡ್ತಾರೆ."

"ಅಮ್ಮ, ಆ ಸ್ವೆಟ್‌ಶರ್ಟ್ ತೆಗಿ. ಪ್ಲೀಸ್."

"ಒಳಗೆ ಬ್ರಾ ಬಿಟ್ಟು ಏನೂ ಇಲ್ಲ. ಬ್ರಾದಲ್ಲಿ ಊಟಕ್ಕೆ ಬರ್ಲಾ? ಸೂಪ್ ಬೇರೆ ದಾರೀಲಿ ಚೆಲ್ಲಿಹೋಯ್ತು. ಏನಾದ್ರೂ ತಿನ್ನೋಣ ನಡಿ. ನಂಗೆ ಹಸಿವು."

ಕೋಸು ಮತ್ತು ದನದ ಮಾಂಸ ತುಂಬಿದ ಬನ್ ಮಾರುವ ಅಂಗಡಿಯಲ್ಲಿ ಸಾಲು ಬಾಗಿಲಿನಾಚೆಗೂ ಇತ್ತು. ಅವರು ಕೌಂಟರ್ ಹತ್ತಿರ ಬರುವಾಗ ಹಿಂದಿನಿಂದ ಯಾರೋ ರೊಂಡಾಳ ಭುಜ ತಟ್ಟಿದರು. ಅದೇ ಕೆಂಪು ಸ್ವೆಟ್‌ಶರ್ಟಿನ ಇನ್ನೊಬ್ಬ ಹೆಂಗಸು.

"ನಮ್ಮವರೇ! ನಿಮ್ಮ ಮಗಳು ಯಾರು?"

ರೊಂಡಾ ಮಗಳ ತೋಳು ಹಿಡಿದಳು.

"ಇವಳು," ಎಂದಳು. "ನನ್ನ ಮಗಳು ಇವಳು."

"ಅಯ್ಯೋ ಬಾರೇ ಇಲ್ಲಿ!" ಆ ಹೆಂಗಸು ಟೆಸ್ಸಾಳನ್ನು ಎಳೆದು ಬಿಗಿಯಾಗಿ ತಬ್ಬಿಕೊಂಡು ಬೆನ್ನು ತಟ್ಟಿದಳು. ಅವಳ ಸ್ವೆಟ್‌ಶರ್ಟಿಗೆ ಸಾಬೂನಿನ ವಾಸನೆಯಿತ್ತು. ಟೆಸ್ಸಾ ಎರಡೂ ಕೈ ಇಳಿಬಿಟ್ಟು ನಿಂತಳು. ಆ ಹೆಂಗಸಿನ ಹೆಗಲ ಮೇಲಿಂದ ಅಮ್ಮ ಕಾಣುತ್ತಿದ್ದಳು. ಅಮ್ಮ ಇತ್ತ ನೋಡದೆ ಗೋಡೆಯ ಮೇಲಿನ ತಿಂಡಿಗಳ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿ, ಮತ್ತೆ ಮೇಲಿನಿಂದ ಓದತೊಡಗಿದಳು.